ತೋಟದ ಗಡಿಗೆ ಆರು ದಶಮಾಂಶ: ನಕ್ಷೆ ಮತ್ತು ಪ್ರಮಾಣಪತ್ರ ಸೇವೆಯೊಂದರ ವಿಮರ್ಶೆ

ಕೊಡಗು ಜಿಲ್ಲೆಯ ಸುಂಟಿಕೊಪ್ಪ ಹೋಬಳಿಯಲ್ಲಿರುವ ನಮ್ಮ 12.30 ಏಕರೆ ರೋಬಸ್ಟಾ ಕಾಫಿ ತೋಟಕ್ಕೆ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮಕ್ಕೆ ತಕ್ಕ ನಕ್ಷೆಯನ್ನೂ ಅದರ ಜೊತೆಗೆ ಒಂದು ಪರಿಸರ ಪ್ರಮಾಣಪತ್ರವನ್ನೂ ಮಾಡಿಸಿಕೊಡುವ ಖಾಸಗಿ ಸೇವೆಯೊಂದನ್ನು ಎರಡು ಹಂಗಾಮು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಬಗೆಯ ಕೆಲಸ ಮಾಡುವವರು ಜಿಲ್ಲೆಯಲ್ಲಿ ಈಗ ಹಲವರಿದ್ದಾರೆ, ಮತ್ತು ನನ್ನ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಅವರೊಬ್ಬರ ತಲೆಗೆ ಕಟ್ಟುವಂಥವಲ್ಲ. ನಕ್ಷೆಗೆ ಏಕರೆಗೆ 350 ರೂಪಾಯಿ, ಪ್ರಮಾಣಪತ್ರವನ್ನು ಒಟ್ಟಾಗಿ ಪಡೆಯುವ ಬೆಳೆಗಾರರ ಗುಂಪಿನ ವಾರ್ಷಿಕ ಸದಸ್ಯತ್ವಕ್ಕೆ 2,500 ರೂಪಾಯಿ. ಮೊದಲ ವರ್ಷ ನಾನು ಕೊಟ್ಟದ್ದು ಒಟ್ಟು 6,805 ರೂಪಾಯಿ. ಗಿಡ ಸವರುವ ಕಪಾತಿಗೆ ಬರುವ ಆಳುಗಳ ಕೂಲಿಯ ಮುಂದೆ ಇದು ದೊಡ್ಡ ಮೊತ್ತವೇನಲ್ಲ. ಆದರೆ ಇಷ್ಟು ಹಣಕ್ಕೆ ನಾವು ಕೊಳ್ಳುತ್ತಿರುವುದು ನಿಜವಾಗಿ ಏನನ್ನು ಎಂಬ ಪ್ರಶ್ನೆ ನನಗೆ ಎರಡು ವರ್ಷವಾದರೂ ಬಗೆಹರಿದಿರಲಿಲ್ಲ.

ನಿಯಮವನ್ನು ತಿಳಿಯದೆ ಸೇವೆಯನ್ನು ಅಳೆಯಲಾಗದು. 2023ರ ಜೂನ್ 29ರಂದು ಊರ್ಜಿತಗೊಂಡ ಈ ನಿಯಮದ ಪ್ರಕಾರ ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ, ದನ ಎಂಬ ಏಳು ಸರಕುಗಳೂ ಅವುಗಳಿಂದಾದ ಪದಾರ್ಥಗಳೂ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಿಂದ ಬಂದವಲ್ಲವೆಂದು, ಮತ್ತು ಬೆಳೆದ ದೇಶದ ಕಾನೂನಿಗೆ ಒಳಪಟ್ಟೇ ಬೆಳೆದವೆಂದು, ಅಲ್ಲಿನ ಆಮದುದಾರ ತೋರಿಸಬೇಕು. ತೋಟದ ತುಂಡು 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯ ಸುತ್ತಳತೆಯನ್ನೇ ನಕ್ಷೆಯಾಗಿ ಕೊಡಬೇಕು; ಚಿಕ್ಕದಾದರೆ ನಡುವಿನ ಒಂದು ಬಿಂದು ಸಾಕು. ಅಕ್ಷಾಂಶ ರೇಖಾಂಶಗಳಿಗೆ ದಶಮಾಂಶದ ನಂತರ ಕನಿಷ್ಠ ಆರು ಅಂಕೆಗಳಿರಬೇಕು. ತಪ್ಪಿದರೆ ವಿಧಿಸುವ ದಂಡದ ಗರಿಷ್ಠ ಮಿತಿ ಕಂಪನಿ ಒಕ್ಕೂಟದಲ್ಲಿ ನಡೆಸುವ ವಾರ್ಷಿಕ ವಹಿವಾಟಿನ ಶೇ 4ಕ್ಕಿಂತ ಕಡಿಮೆ ಇರುವಂತಿಲ್ಲ. ಕಾನೂನಿನ ಹೊಣೆ ಆಮದುದಾರನದು ಎಂಬುದನ್ನು ಗಮನಿಸಿ. ಅವನು ಅದನ್ನು ರಫ್ತುದಾರನಿಗೆ, ರಫ್ತುದಾರ ಕಾಫಿ ಬೀಜ ಬಿಡಿಸಿ ಹದಮಾಡುವ ಕ್ಯೂರಿಂಗ್ ಕಾರ್ಖಾನೆಗೆ, ಕಾರ್ಖಾನೆಯವರು ಹಳ್ಳಿಯ ವ್ಯಾಪಾರಿಗೆ, ವ್ಯಾಪಾರಿ ನಮಗೆ ದಾಟಿಸುತ್ತಾ ಬಂದು, ಕೊನೆಗೆ 6,805 ರೂಪಾಯಿಯ ರಸೀದಿ ನನ್ನ ಮೇಜಿನ ಮೇಲಿದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ, ಮತ್ತು ಇಟಲಿ, ಜರ್ಮನಿ, ಬೆಲ್ಜಿಯಂಗಳೇ ದೊಡ್ಡ ಗಿರಾಕಿಗಳಾಗಿರುವ ಜಿಲ್ಲೆಯಲ್ಲಿ ಇದನ್ನು ಬೇಡವೆನ್ನುವ ಧೈರ್ಯ ಯಾರಿಗೂ ಬರುವುದಿಲ್ಲ.

ಅಳತೆಯ ಕೆಲಸದ ಬಗ್ಗೆ ನನಗೆ ಒಳ್ಳೆಯ ಮಾತೇ ಇದೆ. ಡಿಸೆಂಬರಿನ ಒಂದು ಬೆಳಿಗ್ಗೆ ಇಬ್ಬರು ಹುಡುಗರು ಹೇಳಿದ ಸಮಯಕ್ಕೆ ಬಂದರು, ಜಿಗಣೆಗೆ ಹೆದರದೆ ಗಡಿಯುದ್ದಕ್ಕೂ ನಡೆದರು. ನಮ್ಮ ದೊಡ್ಡ ತುಂಡು 10.40 ಏಕರೆ, ಅಂದರೆ 4.2 ಹೆಕ್ಟೇರ್, 4ರ ಗೆರೆಯನ್ನು ಸ್ವಲ್ಪದರಲ್ಲೇ ದಾಟಿದ್ದರಿಂದ ಸುತ್ತಳತೆ ಅನಿವಾರ್ಯವಾಯಿತು. ತೋಡಿನಾಚೆಯ, ಅಂದರೆ ಸಣ್ಣ ಹಳ್ಳದಾಚೆಯ, 1.90 ಏಕರೆಗೆ ಒಂದು ಬಿಂದು ಸಾಕಾಯಿತು. ಉತ್ತರದ ಗಡಿ ಹಳೆಯ ಕಡಂಗ, ಅಂದರೆ ಹಿಂದಿನವರು ತೋಡಿದ ಕಂದಕ. ಅದರ ಮೇಲೆ ಗೋಣಿ ಮತ್ತು ಹೆಬ್ಬಲಸಿನ ನೆರಳು ಎಷ್ಟು ದಟ್ಟವೆಂದರೆ ಅಲ್ಲಿ ನಿಂತಾಗಲೆಲ್ಲ ಮೊಬೈಲಿನ ಚುಕ್ಕಿ ಕಡಂಗವನ್ನು ಹಾರಿ ಪಕ್ಕದವರ ಗದ್ದೆಯೊಳಗೆ ಕುಳಿತುಬಿಡುತ್ತಿತ್ತು. ಹಿರಿಯ ಹುಡುಗ ಅಲ್ಲೇ ಐದು ನಿಮಿಷ ಕಾದು, ಮತ್ತೆ ಅಳೆದು, ಮೂರನೆಯ ಸಲವೂ ಸರಿಬಾರದಿದ್ದಾಗ, "ಸರ್, ಊಟ ಆದಮೇಲೆ ಇನ್ನೊಂದ್ಸಲ ನೋಡೋಣ, ಈಗ ತಗೊಂಡ್ರೆ ನಿಮ್ಮ ಪಕ್ಕದ ಮನೆಯವರ ಜೊತೆ ಜಗಳಕ್ಕೆ ಇದೇ ಕಾರಣ ಆಗುತ್ತೆ" ಎಂದ. ಮಧ್ಯಾಹ್ನ ಎರಡು ಗಂಟೆಗೆ ಚುಕ್ಕಿ ಕಡಂಗದ ಮೇಲೆ ಬಂದು ನಿಂತಿತು. ಅವಸರದಲ್ಲಿ ಎಳೆದ ಗೆರೆಯನ್ನು ಕಂಪ್ಯೂಟರಿನಲ್ಲಿ ಕೂತು ತಿದ್ದಿ ಕಳಿಸುವವರೂ ಇದ್ದಾರೆಂದು ಕೇಳಿದ್ದ ನನಗೆ ಈ ತಾಳ್ಮೆ ಮೆಚ್ಚಿಗೆಯಾಯಿತು.

ತೊಡಕು ಎದ್ದದ್ದು ಆಮೇಲೆ. ಮೂರು ವಾರ ಕಳೆದು ಬಂದ ವರದಿಯಲ್ಲಿ ನಮ್ಮ ತೋಟದ ಬಹುಪಾಲು 2020ರಲ್ಲಿ ಕಾಡಾಗಿತ್ತೆಂದೂ, ಅದರಲ್ಲಿ ಸುಮಾರು ಎರಡು ಏಕರೆ ಆ ನಂತರ ಕಾಡಿನ ಲಕ್ಷಣ ಕಳೆದುಕೊಂಡಿದೆಯೆಂದೂ ಕೆಂಪು ಗುರುತು ಹಾಕಲಾಗಿತ್ತು. ಸೇವೆಯವರು ಬಳಸಿದ್ದು ಉಪಗ್ರಹ ಚಿತ್ರಗಳಿಂದ ತಯಾರಾದ ಸಾರ್ವಜನಿಕ ಅರಣ್ಯ ನಕ್ಷೆ. ಮೇಲಿನಿಂದ ನೋಡುವ ಕಣ್ಣಿಗೆ ಅತ್ತಿ, ನಂದಿ, ಬಳಂಜಿ, ಹಲಸುಗಳ ಕೆಳಗೆ ಬೆಳೆದ ಕಾಫಿ ಕಾಣುವುದಿಲ್ಲ, ಬರಿಯ ಮರದ ತಲೆ ಕಾಣುತ್ತದೆ. 2022ರಲ್ಲಿ ನಾವು ಆ ಭಾಗದಲ್ಲಿ ಸ್ವಲ್ಪ ಹೆಚ್ಚಾಗಿಯೇ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವಿಕೆ, ಮಾಡಿಸಿದ್ದೆವು. ಅದೇ ಮಳೆಗಾಲದ ಗಾಳಿಗೆ ನಾಲ್ಕೈದು ಹಾಲವಾಣಗಳೂ ಬಿದ್ದಿದ್ದವು. ನನ್ನ ಅಜ್ಜ ನೆಟ್ಟ ಹಾಲವಾಣವನ್ನು ಉಪಗ್ರಹ ಕಾಡೆಂದು ಬಗೆದು, ಅದು ಬಿದ್ದುದಕ್ಕೆ ನನ್ನನ್ನು ಅರಣ್ಯನಾಶದ ಪಟ್ಟಿಗೆ ಸೇರಿಸಿತ್ತು. ಇತ್ತ, ಹದಿನೈದು ವರ್ಷಗಳ ಹಿಂದೆಯೇ ಕಾಡುಮರಗಳನ್ನೆಲ್ಲ ತೆಗೆಸಿ ಸಿಲ್ವರ್ ಓಕ್ ಸಾಲು ನಿಲ್ಲಿಸಿದ ನಮ್ಮ ನೆರೆಯವರ ವರದಿ ಮೊದಲ ಸಲಕ್ಕೇ ಹಸಿರಾಗಿ ಬಂತು. 2020ರಲ್ಲಿ ಅಲ್ಲಿ ಕಾಡಿನ ಹಾಗೆ ಕಾಣುವಂಥದ್ದು ಏನೂ ಉಳಿದಿರಲಿಲ್ಲವಲ್ಲ.

ಇದನ್ನು ಸರಿಪಡಿಸಿಕೊಟ್ಟ ರೀತಿಗೆ ಸೇವೆಯವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಮತ್ತೆ ಬಂದು, ಗುರುತು ಹಾಕಿದ ಜಾಗದಲ್ಲಿ ನಿಂತು ನಾಲ್ಕು ದಿಕ್ಕಿಗೂ ದಿನಾಂಕ ಮುದ್ರಿತ ಫೋಟೋ ತೆಗೆದರು. ತೊಡೆಯಷ್ಟು ದಪ್ಪಗಿರುವ ಹಳೆಯ ಕಾಫಿ ಗಿಡಗಳ ಬುಡವನ್ನು ಪಕ್ಕದಲ್ಲಿ ಟೇಪು ಹಿಡಿದು ಚಿತ್ರಿಸಿದರು. 2020ಕ್ಕೆ ಮುಂಚಿನ ಆರ್‌ಟಿಸಿಯ ಬೆಳೆ ಕಾಲಂನಲ್ಲಿ ಕಾಫಿ ಎಂದಿರುವ ಪ್ರತಿಯನ್ನು ಸೇರಿಸಿದರು. ಹನ್ನೊಂದು ದಿನಗಳಲ್ಲಿ ಕೆಂಪು ಹೋಯಿತು, ಹೆಚ್ಚಿನ ಶುಲ್ಕ ಕೇಳಲಿಲ್ಲ.

ಆದರೆ ಕೆಂಪು ಹೋದ ಕಾರಣವನ್ನು ಓದಿದಾಗ ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಕಸಿವಿಸಿಯಾಯಿತು. ನಿಯಮದ ವ್ಯಾಖ್ಯೆಯಂತೆ ಅರ್ಧ ಹೆಕ್ಟೇರಿಗಿಂತ ದೊಡ್ಡದಾದ, ಐದು ಮೀಟರಿಗಿಂತ ಎತ್ತರದ ಮರಗಳಿರುವ, ಶೇ 10ಕ್ಕಿಂತ ಹೆಚ್ಚು ಮೇಲಾವರಣವುಳ್ಳ ನೆಲ ಕಾಡು. ಮುಖ್ಯವಾಗಿ ಕೃಷಿಗೆ ಬಳಕೆಯಾಗುತ್ತಿರುವ ನೆಲ, ಮರಗಳ ಕೆಳಗೆ ಬೆಳೆಯುವ ಬೆಳೆಯೂ ಸೇರಿದಂತೆ, ಈ ವ್ಯಾಖ್ಯೆಯಿಂದ ಹೊರಗೆ. ಆದ್ದರಿಂದ ನಮ್ಮದು ತೋಟವೆಂದು ಸಾಬೀತಾದ ಕ್ಷಣದಿಂದ, ಅದರೊಳಗಿನ ಮರಗಳಿಗೂ ಈ ನಿಯಮದ ಅರಣ್ಯನಾಶದ ಷರತ್ತಿಗೂ ಇರುವ ಸಂಬಂಧ ಮುಗಿಯಿತು. ನಾಳೆ ನಾನು ಇರುವ ನೆರಳನ್ನೆಲ್ಲ ಇಳಿಸಿ, ತೋಟವನ್ನು ಬಯಲು ಮಾಡಿ, ಸ್ಪ್ರಿಂಕ್ಲರ್ ಹಾಕಿ ರೋಬಸ್ಟಾ ಬೆಳೆದರೂ ನನ್ನ ನಕ್ಷೆ ಹಸಿರಾಗಿಯೇ ಇರುತ್ತದೆ. ಕೊಡಗಿನಲ್ಲಿ ಕಾಡು ತೋಟವಾದ ದೊಡ್ಡ ಅಲೆ 2020ರ ನಂತರದ್ದಲ್ಲ. ಪುದುಚೇರಿಯ ಫ್ರೆಂಚ್ ಸಂಶೋಧನಾ ಸಂಸ್ಥೆಯವರ ಲೆಕ್ಕದಂತೆ 1977ರಿಂದ 1997ರ ನಡುವೆ ಜಿಲ್ಲೆಯ ಅರಣ್ಯ ಹೊದಿಕೆಯ ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು, ಅದೇ ಅವಧಿಯಲ್ಲಿ ಕಾಫಿಯ ವಿಸ್ತೀರ್ಣ ದುಪ್ಪಟ್ಟಿನಷ್ಟಾಯಿತು. ಈಗ ನಮ್ಮಲ್ಲಿ ಕರಗುತ್ತಿರುವುದು ತೋಟದೊಳಗಿನ ಕಾಡು. ಅದನ್ನು ಕೇಳುವ ಕಾಲಂ ಈ ನಮೂನೆಯಲ್ಲಿಲ್ಲ. ಬ್ರೆಜಿಲ್ ಮತ್ತು ಇಂಡೋನೇಷ್ಯದಲ್ಲಿ ಹೊಸದಾಗಿ ಕಡಿಯಲಾಗುತ್ತಿರುವ ಕಾಡುಗಳನ್ನು ಮನಸ್ಸಿನಲ್ಲಿಟ್ಟು ಹೊಲಿದ ಅಂಗಿಯನ್ನು ನಮಗೂ ತೊಡಿಸಲಾಗಿದೆ ಎಂಬುದು ನನ್ನ ಅನಿಸಿಕೆ.

ನಿಯಮದ ಎರಡನೆಯ ಷರತ್ತು, ಅಂದರೆ ಬೆಳೆದ ದೇಶದ ಕಾನೂನಿಗೆ ಒಳಪಟ್ಟಿರಬೇಕೆಂಬುದು, ಕಾಗದದ ಮೇಲೆ ಒಂದೇ ಸಾಲು; ನಮ್ಮ ಜಿಲ್ಲೆಯಲ್ಲಿ ಅದು ಇಡೀ ಕಡತ. ಸೇವೆಯವರ ನಮೂನೆಯಲ್ಲಿ "ಮಾಲೀಕರು" ಎಂಬುದಕ್ಕೆ ಒಂದೇ ಮನೆ ಇತ್ತು. ನಮ್ಮ ದೊಡ್ಡ ತುಂಡು ಜಮ್ಮಾ ಬಾಣೆ, ಅಂದರೆ ಇಡೀ ಕುಟುಂಬ ವಂಶಪಾರಂಪರ್ಯವಾಗಿ ಅನುಭವಿಸುವ ಜಮೀನು; ಆರ್‌ಟಿಸಿಯಲ್ಲಿ ಪಟ್ಟೆದಾರರಾಗಿ ತೀರಿಕೊಂಡ ದೊಡ್ಡಪ್ಪನವರ ಹೆಸರು, ಅವರ ಕೆಳಗೆ ಕುಟುಂಬದ ಒಂಬತ್ತು ಹೆಸರುಗಳು. ಕಚೇರಿಯಲ್ಲಿದ್ದ ಯುವತಿಗೆ ಪಟ್ಟೆದಾರ ಎಂದರೆ ಮಾಲೀಕನಲ್ಲ, ಕುಟುಂಬದ ಪರವಾಗಿ ಹೆಸರಿರುವವನು ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಎಲ್ಲರ ಒಪ್ಪಿಗೆ ಪತ್ರ ಬೇಕೆಂದಾಗ ಬೆಂಗಳೂರಿನಲ್ಲಿರುವ ತಮ್ಮನ ಸಹಿ ಎರಡು ದಿನದಲ್ಲಿ, ಮಸ್ಕತ್ತಿನಲ್ಲಿರುವವನದು ಎರಡು ತಿಂಗಳಲ್ಲಿ ಬಂತು. ಪೌತಿ ಖಾತೆ, ಪೋಡಿ, ಪಾಲುಪಟ್ಟಿ ಎಂದು ಮೂರು ತಲೆಮಾರಿನಿಂದ ನಾವೇ ಮುಂದೂಡುತ್ತಾ ಬಂದದ್ದನ್ನು ಐರೋಪ್ಯ ಒಕ್ಕೂಟದ ಬ್ರಸೆಲ್ಸಿನಿಂದ ಬಂದ ಒಂದು ಸಾಲು ಮನೆಯ ಜಗುಲಿಗೆ ಎಳೆದು ತಂದಿತು. ಇದರಲ್ಲಿ ಸೇವೆಯವರ ತಪ್ಪಿಲ್ಲ. ಆದರೆ ಕೊಡಗಿನಲ್ಲಿ ಕಚೇರಿ ತೆರೆದವರು ಇಲ್ಲಿನ ಭೂದಾಖಲೆಯ ಪರಿಯನ್ನು ತಿಳಿದ ಒಬ್ಬರನ್ನಾದರೂ ಕೂರಿಸಿಕೊಳ್ಳಬೇಕಿತ್ತು. ಪ್ರಮಾಣಪತ್ರದ ಗುಂಪಿನಲ್ಲಿರುವ ಒಂಟಿ ಖಾತೆಯ ದೊಡ್ಡ ತೋಟದವರಿಗೆ ಈ ಯಾವ ಕಷ್ಟವೂ ಬರಲಿಲ್ಲ. ನೆರಳನ್ನು ಹೆಚ್ಚು ಉಳಿಸಿಕೊಂಡಿರುವ ಕುಟುಂಬದ ಆಸ್ತಿಗಳೇ ಇಲ್ಲಿ ಹಿಂದುಳಿಯುತ್ತವೆ.

ಮರದ ಕಾನೂನನ್ನೂ ಇಲ್ಲಿಯೇ ಹೇಳಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಕಿಲ್ಲ. ನಂದಿ, ಮತ್ತಿ, ಹೊನ್ನೆಗೆ ಬೇಕು. ರಿಡೀಮ್ ಆಗದ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ, ಜಮೀನಿನಲ್ಲಿ ಬೆಲೆಬಾಳುವ ಮರದ ಹಕ್ಕೇ ಸರ್ಕಾರದ್ದು. ಅಳತೆಯ ದಿನ ನಮ್ಮ ಜೊತೆ ನಡೆಯುತ್ತಿದ್ದ ಮೇಸ್ತ್ರಿ ಮಾತಾಡುತ್ತಲೇ ಬಗ್ಗಿ, ಗೇಣುದ್ದದ ಒಂದು ಬೀಟೆ ಸಸಿಯನ್ನು ಕಳೆಯೊಂದಿಗೆ ಕಿತ್ತು ಎಸೆದ. ಹುಡುಗ ಗಾಬರಿಯಿಂದ ಯಾಕೆಂದು ಕೇಳಿದ. "ಬೆಳೆದ್ರೆ ಸರ್ಕಾರದ್ದು, ಬಿದ್ರೆ ನಮ್ಮ ಕಾಫಿ ಮೇಲೆ" ಎಂದು ಮೇಸ್ತ್ರಿ ಮುಂದೆ ಹೋದ. ಬೈಯಲು ನನ್ನಲ್ಲಿ ಮಾತಿರಲಿಲ್ಲ. ಹಾಗೆ ಮಾಡಬೇಡವೆಂದು ನಾನೂ ಎಂದೂ ಹೇಳಿದವನಲ್ಲ. ಮರವನ್ನು ಉಳಿಸಲೆಂದು ಬರೆದ ಕಾನೂನು ಮರದ ಸಸಿಯನ್ನೇ ಹುಟ್ಟಲು ಬಿಡದಿರುವುದು ಕೊಡಗಿನಲ್ಲಿ ಹೊಸ ಸುದ್ದಿಯಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗಿನ ಆಸರೆಯಾಗುತ್ತದೆ, ಮಗಳ ಮದುವೆಗೆ ಕಡಿದು ಮಾರಬಹುದು. ಹೀಗಿರುವಾಗ ಆಸ್ಟ್ರೇಲಿಯಾದ ಮರ ಗೆಲ್ಲುವುದು ಸಹಜ. ಸೇವೆಯವರ ಪ್ರಮಾಣಪತ್ರದ ಭಾಗ, ಅಂದರೆ ಸ್ವಯಂಪ್ರೇರಣೆಯಿಂದ ಸೇರುವ ಭಾಗ, ಈ ವಿಷಯದಲ್ಲಿ ಐರೋಪ್ಯ ನಿಯಮಕ್ಕಿಂತ ಮೇಲು. ತಪಾಸಣೆಗೆ ಬಂದವರು ನೆರಳು ಮರಗಳನ್ನು ಎಣಿಸಿದರು. ನಮ್ಮಲ್ಲಿ 23 ಬಗೆಯ ನಾಡಮರಗಳಿವೆಯೆಂದು ನನಗೂ ಆ ದಿನವೇ ತಿಳಿದದ್ದು. ಆದರೆ 23 ಇದ್ದರೂ 12 ಇದ್ದರೂ ಪ್ರಮಾಣಪತ್ರ ಒಂದೇ, ದರವೂ ಒಂದೇ.

ಅರ್ಧ ದಿನದ ತರಬೇತಿ, ಔಷಧಿ ಸಿಂಪಡಿಸಿದ ದಿನಾಂಕ ಬರೆಯುವ ಪುಸ್ತಕ, ಗೇಟಿನ ಪಕ್ಕಕ್ಕೆ ಬೇಟೆ ನಿಷೇಧದ ಫಲಕ: ಇವು ಹೇಳಿದಂತೆಯೇ ಬಂದವು. ಪುಸ್ತಕ ಉಪಯುಕ್ತ, ಫಲಕದ ಮೇಲೆ ಕೋತಿ ಕುಳಿತು ಒಂದು ಮೂಲೆ ಬಾಗಿದೆ.

ಇನ್ನು ದರ. ಸೇರಿಸಿಕೊಳ್ಳುವಾಗ ಪ್ರಮಾಣೀಕೃತ ಕಾಫಿಗೆ ಹೆಚ್ಚುವರಿ ಬೆಲೆ ಸಿಗುತ್ತದೆಂದು ಹೇಳಿದ್ದರು, ಎಷ್ಟೆಂದು ಹೇಳಿರಲಿಲ್ಲ. ಬರಹದಲ್ಲಿ ಕೇಳಿ ಪಡೆಯದೇ ಇದ್ದುದು ನನ್ನ ತಪ್ಪು. ಮೊದಲ ಹಂಗಾಮಿನಲ್ಲಿ 50 ಕಿಲೋ ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ಮೂಟೆಗೆ ಹೆಚ್ಚುವರಿಯಾಗಿ ಸಿಕ್ಕಿದ್ದು 60 ರೂಪಾಯಿ. ಎರಡನೆಯ ಹಂಗಾಮಿನಲ್ಲಿ ನಾನು ಕಾಫಿ ಕೊಟ್ಟ ಕಡೆ, ಈ ಸಲ ಪ್ರಮಾಣೀಕೃತ ಸರಕು ಬೇಕಾದಷ್ಟು ಬಂದಾಗಿದೆಯೆಂದು ಹೇಳಿ ಎಲ್ಲರದರ ಜೊತೆಗೇ ಸುರಿಸಿಕೊಂಡರು. ಕಣದಲ್ಲಿ ಬೇರೆಯಾಗಿ ಒಣಗಿಸಿ, ಬೇರೆ ಗುರುತಿನ ಚೀಲದಲ್ಲಿ ಕಟ್ಟಿ, ಬೇರೆ ಬಾಡಿಗೆ ಜೀಪಿನಲ್ಲಿ ಸಾಗಿಸಿದ ನನ್ನ ಕಾಫಿ ರಾಶಿಯೊಳಗೆ ಬಿದ್ದು ಮಾಯವಾದುದನ್ನು ನಿಂತು ನೋಡಿದೆ. ಔಟ್‌ಟರ್ನ್ ಚೀಟಿಯನ್ನು, ಅಂದರೆ ಕಾಯಿಯಲ್ಲಿ ಬೀಜದ ಪಾಲು ಎಷ್ಟೆಂಬ ಲೆಕ್ಕವನ್ನು, ಮಾತ್ರ ಮರ್ಯಾದೆಯಿಂದ ಕೈಗಿತ್ತರು. ಆ ವಾರ ಲಂಡನ್ ಮಾರುಕಟ್ಟೆಯ ಏರಿಳಿತಕ್ಕೆ ಮೂಟೆಯ ದರ ಎರಡೇ ದಿನದಲ್ಲಿ 500 ರೂಪಾಯಿ ಜಾರಿತ್ತು. ಆ ಐನೂರರ ಮುಂದೆ ಅರವತ್ತನ್ನು ನಂಬಿಕೊಂಡು ಯಾರೂ ಮರ ಉಳಿಸಲಾರರು.

ಈ ಲೆಕ್ಕ ನಮ್ಮ ಹಿರಿಯರಿಗೂ ಗೊತ್ತಿತ್ತು. 1942ರ ಕಾಯ್ದೆಯಡಿ ಕಾಫಿ ಮಂಡಳಿಯೇ ಎಲ್ಲರ ಕಾಫಿಯನ್ನು ಸಾಮೂಹಿಕವಾಗಿ ಮಾರಿಕೊಡುತ್ತಿದ್ದ ಕಾಲದಲ್ಲಿ ಹಣ ಕಂತುಕಂತಾಗಿ, ತಡವಾಗಿ ಬರುತ್ತಿತ್ತು. ಅದನ್ನು ಬೈದುಕೊಂಡೇ ತಂದೆಯವರು ತೋಟ ನಡೆಸಿದರು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು, 1996ರ ಹೊತ್ತಿಗೆ ಇಲ್ಲಿನ ಸಾಮೂಹಿಕ ಮಾರಾಟವೂ ಪೂರ್ತಿ ನಿಂತಿತು. ಅಲ್ಲಿಂದ ವಿಯೆಟ್ನಾಂನ ಫಸಲು, ಬ್ರೆಜಿಲ್‌ನ ಹಿಮ ಇವೇ ನಮ್ಮ ದರವನ್ನು ಬರೆಯುತ್ತಿವೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಮರ ಮಾರಿ ಸಾಲ ತೀರಿಸಿದವರಿದ್ದರು. 2024ರ ಏಪ್ರಿಲ್‌ನಲ್ಲಿ ರೋಬಸ್ಟಾ ಚೆರಿ ಮೂಟೆಗೆ 10,000 ರೂಪಾಯಿ ದಾಟಿದಾಗ ಮರ ಮತ್ತೆ ಬಿತ್ತು, ಈ ಸಲ ಬಿಸಿಲು ಹೆಚ್ಚು ಬಿದ್ದರೆ ಫಸಲು ಹೆಚ್ಚೆಂಬ ಆಸೆಗೆ. ದರ ಇಳಿದರೂ ಏರಿದರೂ ಕೊಡಲಿ ಹೊಳೆಯುತ್ತದೆ. ಹೂಮಳೆಗೆ ಕಾಯುವ ತಾಳ್ಮೆ ಹೋಗಿ ಫೆಬ್ರುವರಿಯಲ್ಲೇ ಸ್ಪ್ರಿಂಕ್ಲರ್ ತಿರುಗುತ್ತದೆ, ಅದಕ್ಕೆ ತೋಡು ಸಾಲದೆ ಬೋರ್‌ವೆಲ್ ಕೊರೆಯಲಾಗುತ್ತದೆ, ಬೋರ್‌ವೆಲ್‌ಗಿಂತ ಮೇಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಗದ್ದೆ ಪಾಳು ಬಿದ್ದಿರುತ್ತದೆ ಇಲ್ಲವೇ ಶುಂಠಿಗೆ ಹೋಗಿರುತ್ತದೆ. ನಕ್ಷೆಯ ಪ್ರಕಾರ ಇದಾವುದೂ ಅರಣ್ಯನಾಶವಲ್ಲ. ಇದಾವುದಕ್ಕೂ ಮೂಟೆಗೆ ಅರವತ್ತು ರೂಪಾಯಿಯ ಬಹುಮಾನವೂ ಇಲ್ಲ, ದಂಡವೂ ಇಲ್ಲ.

ಸೇವೆಯವರ ಮೇಲೆ ನನಗಿರುವ ನಿಜವಾದ ದೂರು ಅವಸರದ್ದು. 2024ರ ಡಿಸೆಂಬರ್ 30ರಿಂದ ನಿಯಮ ಅನ್ವಯವಾಗುತ್ತದೆ, ಅಷ್ಟರೊಳಗೆ ಮಾಡಿಸದಿದ್ದರೆ ಕಾಫಿಯನ್ನು ಯಾರೂ ಕೊಳ್ಳುವುದಿಲ್ಲ ಎಂಬ ಕರಪತ್ರ ಮೊದಲು ಬಂತು. ಒಕ್ಕೂಟವೇ ಅದನ್ನು ಒಂದು ವರ್ಷ ಮುಂದೂಡಿತು. ಮುಂದಿನ ವರ್ಷ ಅದೇ ಕರಪತ್ರ, ಇಸವಿ ಮಾತ್ರ ಬೇರೆ. 2025ರ ಡಿಸೆಂಬರಿನಲ್ಲಿ ಮತ್ತೆ ಮುಂದೂಡಿಕೆಯಾಗಿ, ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30 ಎಂದಾಯಿತು. ನಡುವೆ 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದ್ದರಿಂದ ಅಲ್ಲಿನ ಅಧಿಕಾರಿಗಳು ಮಾಡಬೇಕಾದ ತಪಾಸಣೆ ವರ್ಷಕ್ಕೆ ಶೇ 1ರಷ್ಟು ಕಂಪನಿಗಳಿಗೆ ಇಳಿಯಿತು. ಬ್ರೆಜಿಲ್, ಇಂಡೋನೇಷ್ಯಗಳಂಥ ದೇಶಗಳಿಗೆ ಅದು ಶೇ 3. ಸ್ಥಳದ ವಿವರ ಕೊಡುವ ಕೆಲಸದಿಂದ ಮಾತ್ರ ಬಿಡುಗಡೆ ಸಿಕ್ಕಿಲ್ಲ. ಇದಾವುದನ್ನೂ ಸೇವೆಯವರು ತಾವಾಗಿ ಹೇಳಲಿಲ್ಲ. ಪತ್ರಿಕೆಯಲ್ಲಿ ಓದಿ ಕೇಳಿದಾಗ ಹೌದೆಂದರು. ಕಾಫಿ ಮಂಡಳಿಯೂ ತನ್ನ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ನಡೆಸುತ್ತಿದೆ ಎಂಬ ಮಾತೂ ಅವರ ತರಬೇತಿಯಲ್ಲಿ ಬರಲಿಲ್ಲ. ಗಿರಾಕಿಗೆ ಪೂರ್ತಿ ವಿಷಯ ತಿಳಿಸದೆ ಸಹಿ ಹಾಕಿಸುವುದು ಅಂಗಡಿಯಲ್ಲಾದರೂ ತಪ್ಪೇ.

ಹಾಗಾದರೆ ಯಾರು ಈ ಸೇವೆಯನ್ನು ಕೊಳ್ಳಬೇಕು? 4 ಹೆಕ್ಟೇರಿಗಿಂತ, ಅಂದರೆ ಸುಮಾರು 9.88 ಏಕರೆಗಿಂತ, ಕಡಿಮೆಯ ಒಂದೇ ತುಂಡು, ಒಂಟಿ ಖಾತೆ ಇದ್ದವರಿಗೆ ಒಂದು ಬಿಂದುವಿಗಾಗಿ ಇಷ್ಟು ಹಣ ಬೇಡ. ಸುಂಟಿಕೊಪ್ಪವಿರಲಿ ಸೋಮವಾರಪೇಟೆಯಿರಲಿ, ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ಮೊದಲು ವಿಚಾರಿಸಲಿ. ದಟ್ಟ ನೆರಳಿನ, ದೊಡ್ಡ ತುಂಡಿನ, ಹಲವು ಹೆಸರಿನ ಆಸ್ತಿಯವರಿಗೆ ಉಪಗ್ರಹದ ಕೆಂಪು ಗುರುತು ಬಂದೇ ಬರುತ್ತದೆ. ಅದನ್ನು ತೆಗೆಸಿಕೊಡುವ ಚಾಕಚಕ್ಯತೆ ಈ ಹುಡುಗರಲ್ಲಿದೆ, ಅದಕ್ಕಾಗಿ ಕೊಟ್ಟ ಹಣ ನಷ್ಟವಲ್ಲ. ಹೆಚ್ಚುವರಿ ಬೆಲೆಯ ಆಸೆಗೆ ಸೇರುವವರು ಮೂಟೆಗೆ ಎಷ್ಟು, ಎಷ್ಟು ಮೂಟೆಗೆ, ಯಾವ ತಿಂಗಳೊಳಗೆ ಎಂಬುದನ್ನು ಬರಹದಲ್ಲಿ ಪಡೆಯದೆ ಸಹಿ ಮಾಡಬಾರದು. ನಕ್ಷೆಯ ಕಡತವನ್ನು ನಿಮ್ಮ ಹೆಸರಿನಲ್ಲೇ ಕೇಳಿ ಪಡೆದುಕೊಳ್ಳಿ. ನನಗೆ ಅದು ಸಿಕ್ಕಿದ್ದು ನಾಲ್ಕನೆಯ ಸಲ ಫೋನ್ ಮಾಡಿದ ಮೇಲೆ.

ನಾನು ಈ ವರ್ಷ ನಕ್ಷೆಯನ್ನು ಇಟ್ಟುಕೊಂಡು ಗುಂಪಿನ ಸದಸ್ಯತ್ವವನ್ನು ಬಿಡುತ್ತಿದ್ದೇನೆ. ಉಳಿಯುವ 2,500 ರೂಪಾಯಿಯಲ್ಲಿ ಕಡಂಗದ ಬದಿಯ ಸಸಿಗಳಿಗೆ ಕೋಲು ನೆಟ್ಟು ಸುಣ್ಣದ ಗುರುತು ಹಾಕಿಸಬೇಕೆಂದಿದ್ದೇನೆ, ಕಳೆ ತೆಗೆಯುವವರಿಗೆ ಕಾಣುವಂತೆ. ಮೇಸ್ತ್ರಿಗೆ ಹೇಳಿದಾಗ, ಬೀಟೆಗೂ ಹಾಕಬೇಕಾ ಎಂದು ಕೇಳಿದ. ಹಾಕು ಎಂದೆ.